ಸಂಬಳ ಒಬ್ಬರಿಗೆ, ಕೆಲಸ ಇಬ್ಬರಿಗೆ: ಹಳೇ ಆಸ್ಟ್ರೇಲಿಯಾದ ಮೇಷ್ಟ್ರ ಹೆಂಡತಿ

(ಸಿಡ್ನಿಯ ಪಶ್ಚಿಮ ಭಾಗದಲ್ಲಿರುವ ಕೆಲವು ಕನ್ನಡದ ಮನೆಯವರು ಒಂದು ಭಾನುವಾರ ಮಧ್ಯಾಹ್ನ ಪ್ಯಾರಮಟ್ಟದಲ್ಲಿ ಸೇರಿದ್ದಾಗ ನಾನು ಆಡಿದ ಮಾತು ಇದು. ಹಾಳೆ ನೋಡಿ ಓದಿದ್ದಲ್ಲ. ಬರೆಯುವಾಗ ಮಧ್ಯೆ ಮಧ್ಯೆ ಸರಿ ಮಾಡಿದ್ದೇನೆ, ಕಾಫಿ ಬಂದಾಗ ತಪ್ಪಿಹೋದ ಎಳೆಯನ್ನೂ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಒಂದು ಪ್ರಶ್ನೆ. ನಿಮ್ಮಲ್ಲಿ ಬ್ಲ್ಯಾಕ್‌ಟೌನ್ ಕಡೆ ಮನೆ ಇರುವವರು ಎಷ್ಟು ಜನ? ಕೈ ಎತ್ತಿ. ಅರ್ಧಕ್ಕಿಂತ ಜಾಸ್ತಿ. ಸರಿ, ಆ ಹೆಸರು ಎಲ್ಲಿಂದ ಬಂತು ಗೊತ್ತಾ? ಒಂದು ಶಾಲೆಯಿಂದ. ಮೂಲನಿವಾಸಿ ಮಕ್ಕಳಿಗೆ ಅಂತ ಸರ್ಕಾರ ನಡೆಸಿದ ಶಾಲೆ, ಅದರ ಸುತ್ತ ಮೂಲನಿವಾಸಿಗಳಿಗೆ ಕೊಟ್ಟ ಒಂದಿಷ್ಟು ಜಮೀನು. ಬಿಳಿಯರು ಆ ಜಾಗವನ್ನು 'ಬ್ಲ್ಯಾಕ್ ಟೌನ್' ಅಂದರು, ಆಮೇಲೆ ರೈಲು ಬಂತು, ಹೆಸರು ಸ್ಟೇಷನ್ನಿಗೆ ಅಂಟಿಕೊಂಡಿತು. ಆ ಶಾಲೆ ಶುರುವಾದದ್ದು ಮಾತ್ರ ಅಲ್ಲಿ ಅಲ್ಲ. ಇಲ್ಲಿ, ಪ್ಯಾರಮಟ್ಟದಲ್ಲಿ, ನಾವೀಗ ಕೂತಿರುವ ಜಾಗದಿಂದ ನಡೆದು ಹೋಗುವಷ್ಟು ಹತ್ತಿರ. ಅದನ್ನು ಹೆಚ್ಚು ಕಡಿಮೆ ಎಂಟು ವರ್ಷ ನಡೆಸಿದ್ದು ಒಬ್ಬ ಮೇಷ್ಟ್ರ ಹೆಂಡತಿ. ಗಂಡ ನಡೆಸಿದ್ದು ಆರೇ ತಿಂಗಳು. ಆದರೂ ಶಾಲೆಯ ಹೆಸರು ಬಂದ ಕಡೆಯೆಲ್ಲ ಮೊದಲು ಬರುವುದು ಗಂಡನ ಹೆಸರೇ.

ಇವತ್ತು ನನ್ನ ಮಾತು ಆಕೆಯ ಬಗ್ಗೆ, ಆಕೆಯಂಥ ಇನ್ನು ಕೆಲವರ ಬಗ್ಗೆ.

ಸ್ವಲ್ಪ ಹಿಂದಿನಿಂದ ಬರೋಣ. 1788ರ ಜನವರಿ 26ಕ್ಕೆ ಇಂಗ್ಲೆಂಡಿನಿಂದ 11 ಹಡಗು ಸಿಡ್ನಿಗೆ ಬಂದು ನಿಂತವಲ್ಲ, ಅದರಲ್ಲಿ ಕೈದಿಗಳಿದ್ದರು, ಸಿಪಾಯಿಗಳಿದ್ದರು, ಡಾಕ್ಟರುಗಳಿದ್ದರು, ಒಬ್ಬ ಪಾದ್ರಿಯೂ ಇದ್ದ. ಮೇಷ್ಟ್ರು ಇರಲಿಲ್ಲ. ಮಕ್ಕಳು ಮಾತ್ರ ಇದ್ದರು! ಹಡಗಿನಲ್ಲಿ ಬಂದ ಮಕ್ಕಳು, ಹಡಗಿನಲ್ಲೇ ಹುಟ್ಟಿದ ಮಕ್ಕಳು. ಅವರಿಗೆ ಅಕ್ಷರ ಕಲಿಸಬೇಕು ಅನ್ನುವ ಯೋಚನೆ ಲಂಡನ್ನಿನಲ್ಲಿ ಪಟ್ಟಿ ಬರೆದವರಿಗೆ ಬಂದಿರಲಿಲ್ಲ. ಕೊನೆಗೆ 1789ರಲ್ಲಿ ಸಿಡ್ನಿಯಲ್ಲಿ ಮಕ್ಕಳನ್ನು ಕೂರಿಸಿಕೊಂಡು ಪಾಠ ಶುರು ಮಾಡಿದ್ದು ಇಸಬೆಲ್ಲಾ ರಾಸನ್ ಅನ್ನುವ ಹೆಂಗಸು. ಕಳ್ಳತನದ ಕೇಸಿನಲ್ಲಿ ಶಿಕ್ಷೆಯಾಗಿ ಬಂದಿದ್ದ ಕೈದಿ. ಅದೇ ವರ್ಷ ವಿಲಿಯಂ ರಿಚರ್ಡ್‌ಸನ್ ಅನ್ನುವವನನ್ನು ಮದುವೆಯಾದರು. ಕೆಲವು ವರ್ಷ ಆದಮೇಲೆ ಆ ಗಂಡನೂ ಮೇಷ್ಟ್ರಾದ. ಅಂದರೆ ಈ ದೇಶದ ಬಿಳಿಯರ ಶಾಲೆಯ ಲೆಕ್ಕ ಶುರುವಾಗುವುದೇ ಉಲ್ಟಾ. ಮೊದಲು ಬಂದದ್ದು ಟೀಚರಮ್ಮ, ಆಮೇಲೆ ಬಂದದ್ದು ಟೀಚರಮ್ಮನ ಗಂಡ. (ಇಲ್ಲಿ ಎಲ್ಲರೂ ನಕ್ಕರು. ಮುಂದಿನ ಸಾಲಿನ ಒಬ್ಬ ಭಾವನವರು ಮಾತ್ರ ನಗಲಿಲ್ಲ, ಅವರ ಹೆಂಡತಿ ಇಲ್ಲಿ ಹೈಸ್ಕೂಲ್ ಟೀಚರ್.)

ಆ ಪಾದ್ರಿ ರಿಚರ್ಡ್ ಜಾನ್ಸನ್. ಅವನ ಹೆಂಡತಿ ಮೇರಿ. 1793ರಲ್ಲಿ ಜಾನ್ಸನ್ ತನ್ನ ಕೈಯಿಂದ 67 ಪೌಂಡ್ ಚಿಲ್ಲರೆ ಹಾಕಿ ಒಂದು ಚರ್ಚು ಕಟ್ಟಿಸಿದ. ಚರ್ಚು ಅಂದರೆ ದೊಡ್ಡ ಕಟ್ಟಡ ಅಂದುಕೊಳ್ಳಬೇಡಿ. ಕಡ್ಡಿ ಹೆಣೆದು ಮಣ್ಣು ಮೆತ್ತಿದ ಗೋಡೆ, ಮೇಲೆ ಹುಲ್ಲು. ಭಾನುವಾರ ಪ್ರಾರ್ಥನೆ, ಉಳಿದ ದಿನ ಅದರಲ್ಲೇ ಶಾಲೆ. ನೂರೈವತ್ತು ಇನ್ನೂರು ಮಕ್ಕಳು. 1798ರ ಅಕ್ಟೋಬರಿನಲ್ಲಿ ಯಾರೋ ಬೆಂಕಿ ಹಚ್ಚಿದರು, ಎಲ್ಲಾ ಬೂದಿ.

ಮೇರಿ ಜಾನ್ಸನ್ ಬಗ್ಗೆ ನಾನು ಹೇಳಲೇಬೇಕಾದದ್ದು ಒಂದು ಇದೆ. 1789ರಲ್ಲಿ ಸಿಡ್ನಿಯ ಸುತ್ತ ಸಿಡುಬು ಬಂತು. ಮೂಲನಿವಾಸಿಗಳು ಕಡಲ ದಂಡೆಯಲ್ಲಿ, ಬಂಡೆಯ ಸಂದುಗಳಲ್ಲಿ ಹೆಣವಾಗಿ ಬಿದ್ದಿದ್ದರು. ಆಗ ಉಳಿದುಕೊಂಡ ಬೂರಾಂಗ್ ಅನ್ನುವ ಹುಡುಗಿಯನ್ನು ಮೇರಿಯ ಮನೆಗೆ ತಂದು ಬಿಟ್ಟರು. ಹನ್ನೆರಡು ಹದಿಮೂರು ವರ್ಷ ಇರಬಹುದು. ಮನೆಯವರಿಂದ ದೂರವಾಗಿದ್ದಳು. ಮೇರಿಯೂ ಆಗ ನೋವಿನಲ್ಲೇ ಇದ್ದರು, ಬಂದ ವರ್ಷವೇ ಹುಟ್ಟಿದ ಮೊದಲ ಮಗು ಉಳಿದಿರಲಿಲ್ಲ. 1790ರಲ್ಲಿ ಹೆಣ್ಣು ಮಗು ಹುಟ್ಟಿದಾಗ ಅದಕ್ಕೆ ಇಟ್ಟ ಹೆಸರು ಮಿಲ್ಬಾ ಮರಿಯಾ. ಮಿಲ್ಬಾ ಅನ್ನುವುದು ಇಲ್ಲಿನ ಜನರ ಭಾಷೆಯ ಹೆಸರು. ಒಂದು ಕಡೆ ಬೂರಾಂಗ್ ಆ ಮನೆಯಲ್ಲಿ ಇಂಗ್ಲಿಷ್ ಕಲಿಯುತ್ತಾಳೆ, ಪ್ರಾರ್ಥನೆ ಕಲಿಯುತ್ತಾಳೆ. ಇನ್ನೊಂದು ಕಡೆ ಆ ಮನೆಯ ಮಗುವಿಗೆ ಬೂರಾಂಗಳ ಕಡೆಯ ಹೆಸರು ಬರುತ್ತದೆ. ನೋಡಿ, ಇಲ್ಲಿ ಕ್ಲಾಸ್‌ರೂಮ್ ಇಲ್ಲ, ಕರಿಹಲಗೆ ಇಲ್ಲ. ಅಡುಗೆಮನೆಯೇ ಶಾಲೆ. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಇದೇ ಮಾತು ಬೇರೆ ಮುಖ ಹಾಕಿಕೊಂಡು ಬರುತ್ತದೆ.

ಮಧ್ಯೆ ಒಂದು ಜೋಡಿಯನ್ನು ಮುಟ್ಟಿ ಮುಂದೆ ಹೋಗುತ್ತೇನೆ. ಜಾನ್ ಹಾಸ್ಕಿಂಗ್, ಹೆಂಡತಿ ಆನ್. 1809ರಲ್ಲಿ ಇಂಗ್ಲೆಂಡಿನಿಂದ ಕರೆಸಿಕೊಂಡವರು, ಅನಾಥ ಹೆಣ್ಣುಮಕ್ಕಳ ಶಾಲೆ ನಡೆಸುವುದಕ್ಕೆ. ಗಂಡ ಮೇಲ್ವಿಚಾರಕ, ಹೆಂಡತಿ ಮೇಟ್ರನ್. ಆ ಶಾಲೆಗೆ ಆಮೇಲೆ ಕಟ್ಟಿದ ಮೂರು ಮಹಡಿಯ ಕೆಂಪು ಇಟ್ಟಿಗೆ ಕಟ್ಟಡ ಈಗಲೂ ಇದೆ, ವೆಸ್ಟರ್ನ್ ಸಿಡ್ನಿ ಯೂನಿವರ್ಸಿಟಿಯ ಕ್ಯಾಂಪಸ್ ಒಳಗೆ, ನದಿಯ ದಂಡೆಯಲ್ಲಿ. ನಿಮ್ಮ ಮಕ್ಕಳು ಯಾರಾದರೂ ಅಲ್ಲಿ ಓದುತ್ತಿದ್ದರೆ ಕೇಳಿ, ಫೋಟೋ ತೆಗೆದೇ ಇರುತ್ತಾರೆ. ಗಂಡ ಹೆಂಡತಿ ಇಬ್ಬರನ್ನೂ ಒಟ್ಟಿಗೆ ಕೆಲಸಕ್ಕೆ ತೆಗೆದುಕೊಳ್ಳುವುದು ಆ ಕಾಲದ ಪದ್ಧತಿ. ಹೆಣ್ಣುಮಕ್ಕಳಿರುವ ಜಾಗಕ್ಕೆ ಬರೀ ಮೇಷ್ಟ್ರು ಸಾಲದು, ಮೇಷ್ಟ್ರಿಗೆ ಹೆಂಡತಿ ಇರಬೇಕು. ಹೆಂಡತಿ ಅನ್ನುವುದು ಕೆಲಸಕ್ಕೆ ಬೇಕಾದ ಅರ್ಹತೆ, ಗಂಡನ ಅರ್ಹತೆ.

ಈಗ ಎಲಿಜಬೆತ್ ಶೆಲ್ಲಿ.

ಹುಟ್ಟಿದ ಮನೆಯ ಹೆಸರು ಬೀನ್. ಅಪ್ಪ ಜೇಮ್ಸ್ ಬೀನ್ ಕೈದಿಯಲ್ಲ, ಸ್ವಂತ ಇಚ್ಛೆಯಿಂದ ಬಂದು ನೆಲೆಸಿದವನು. 1801ರಲ್ಲಿ ಎಲಿಜಬೆತ್‌ಗೆ ವಿಲಿಯಂ ಶೆಲ್ಲಿ ಜೊತೆ ಮದುವೆಯಾಯಿತು. ಈ ವಿಲಿಯಂ ಬಡಗಿ ಕೆಲಸ ಬಿಟ್ಟು ಮಿಷನರಿಯಾದವನು. 'ಡಫ್' ಅನ್ನುವ ಹಡಗಿನಲ್ಲಿ ಪೆಸಿಫಿಕ್ ದ್ವೀಪಗಳಿಗೆ ಹೋಗಿ, ಟೋಂಗಾದಲ್ಲಿ ಜಗಳ ಹತ್ತಿಕೊಂಡು ಜೊತೆಯವರಲ್ಲಿ ಮೂವರು ಸತ್ತ ಮೇಲೆ ಜೀವ ಉಳಿಸಿಕೊಂಡು ಸಿಡ್ನಿಗೆ ಬಂದವನು. ಮದುವೆಯಾದ ಮೇಲೆ ಸುಮ್ನೆ ಕೂರಬಹುದಿತ್ತು ಅಲ್ವಾ? ಹೆಂಡತಿಯನ್ನೂ ಕರೆದುಕೊಂಡು ತಹೀತಿಗೆ ಹೊರಟ. ಎಲಿಜಬೆತ್ ಹೊಸ ಸಂಸಾರ ಹೂಡಿದ್ದು ಅಲ್ಲಿ. 1806ರಲ್ಲಿ ವಾಪಸ್ ಬಂದು ಪ್ಯಾರಮಟ್ಟದಲ್ಲಿ ನಿಂತರು. ವಿಲಿಯಂ ವ್ಯಾಪಾರ ಶುರು ಮಾಡಿದ, ಶ್ರೀಗಂಧ, ಮುತ್ತು ಅಂತ ಮತ್ತೆ ದ್ವೀಪಗಳಿಗೆ ಹಡಗು ಹತ್ತುತ್ತಿದ್ದ. ಗಂಡ ಸಮುದ್ರದ ಮೇಲೆ, ಹೆಂಡತಿ ಅಂಗಡಿ ಮಕ್ಕಳು ಎರಡನ್ನೂ ನೋಡಿಕೊಂಡು ಮನೆಯಲ್ಲಿ. ಶಾಲೆ ಇನ್ನೂ ಬಂದಿಲ್ಲ, ಆಕೆಯ ತಯಾರಿ ಆಗಲೇ ಮುಗಿದಿತ್ತು ಅನ್ನುತ್ತೇನೆ ನಾನು.

1814ರ ಏಪ್ರಿಲ್‌ನಲ್ಲಿ ವಿಲಿಯಂ ಶೆಲ್ಲಿ ಗವರ್ನರ್ ಮೆಕ್ವಾರಿಗೆ ಒಂದು ಪತ್ರ ಬರೆದ. ಮೂಲನಿವಾಸಿ ಮಕ್ಕಳಿಗೆ ಶಾಲೆ ಮಾಡಬೇಕು ಅಂತ. ಅದರಲ್ಲಿ ಅವನ ವಾದ ತುಂಬಾ ವಿಚಿತ್ರ, ಆದರೆ ಅವನ ಲೆಕ್ಕದಲ್ಲಿ ತುಂಬಾ ನೇರ. ಏನಂದರೆ, ಈವರೆಗೆ ಒಬ್ಬೊಬ್ಬ ಹುಡುಗನನ್ನು ತಂದು ಬಿಳಿಯರ ಮನೆಯಲ್ಲಿಟ್ಟು ಓದಿಸಿದ್ದು ಆಗಿದೆ, ಅವರೆಲ್ಲ ಕಾಡಿಗೆ ವಾಪಸ್ ಹೋಗಿದ್ದಾರೆ. ಯಾಕೆ? ಅವನನ್ನು ಯಾವ ಬಿಳಿ ಹೆಂಗಸು ಮದುವೆಯಾಗುತ್ತಾಳೆ? ಓದದ ತನ್ನವಳನ್ನು ಕರೆತಂದರೆ ಈ ಬದುಕಿಗೆ ಹೊಂದುವುದಿಲ್ಲ. ಅದಕ್ಕೇ ಹುಡುಗರು ಹುಡುಗಿಯರು ಇಬ್ಬರನ್ನೂ ಒಟ್ಟಿಗೆ ಓದಿಸಿ, ಅವರವರಲ್ಲೇ ಮದುವೆ ಮಾಡಿಸಬೇಕು. ಅಂದರೆ ಇದು ಅಕ್ಷರ ಕಲಿಸುವ ಯೋಜನೆ ಅಷ್ಟೇ ಅಲ್ಲ. ಇದು ಸಂಸಾರ ತಯಾರಿಸುವ ಯೋಜನೆ. ಹೊಲ ಉಳುವ ಗಂಡ, ಬಟ್ಟೆ ಹೊಲಿಯುವ ಹೆಂಡತಿ, ನಾಲ್ಕು ಗೋಡೆ, ಒಂದು ಒಲೆ. ಹಾಗಿದ್ದಮೇಲೆ ಇದನ್ನು ಕಲಿಸುವ ಟೀಚರ್ ಯಾರಾಗಬೇಕು? ಶೆಲ್ಲಿ ಒಬ್ಬನಿಂದ ಆಗುವ ಕೆಲಸವೇ ಅಲ್ಲ. ಎಲಿಜಬೆತ್ ದಿನಾ ಮಾಡುವ ಮನೆಗೆಲಸವೇ ಇಲ್ಲಿ ಪಠ್ಯ.

ಮೆಕ್ವಾರಿ ಒಪ್ಪಿದ. 1814ರ ಡಿಸೆಂಬರ್ 10ರಂದು ಆಜ್ಞೆ ಹೊರಟಿತು. ಮೊದಲಿಗೆ ಆರು ಹುಡುಗರು, ಆರು ಹುಡುಗಿಯರು. ನಾಲ್ಕರಿಂದ ಏಳು ವರ್ಷದವರು. ಒಮ್ಮೆ ಸೇರಿಸಿದರೆ ಹುಡುಗನಿಗೆ 16, ಹುಡುಗಿಗೆ 14 ಆಗುವವರೆಗೆ ಹೊರಗೆ ಬಿಡುವಂತಿಲ್ಲ. ಅಪ್ಪ ಅಮ್ಮ ಬಂದು ಕೇಳಿದರೂ ಇಲ್ಲ. ಡಿಸೆಂಬರ್ 28ಕ್ಕೆ ಪ್ಯಾರಮಟ್ಟದ ಮಾರುಕಟ್ಟೆ ಬಯಲಿನಲ್ಲಿ ದೊಡ್ಡ ಊಟ ಹಾಕಿಸಿ ಮೂಲನಿವಾಸಿಗಳನ್ನು ಕರೆಸಿದರು, ಮಕ್ಕಳನ್ನು ಕೊಡಿ ಅಂತ ಕೇಳುವುದಕ್ಕೆ. ಮುಂದಿನ ತಿಂಗಳು 18ಕ್ಕೆ ಶಾಲೆ ಬಾಗಿಲು ತೆಗೆಯಿತು. ಹೆಸರು 'ನೇಟಿವ್ ಇನ್‌ಸ್ಟಿಟ್ಯೂಷನ್'. ಜುಲೈ ತಿಂಗಳಲ್ಲಿ ವಿಲಿಯಂ ಶೆಲ್ಲಿ ತೀರಿಕೊಂಡ.

ಇಲ್ಲಿ ಒಂದು ನಿಮಿಷ ನಿಲ್ಲುತ್ತೇನೆ. ಮೇಷ್ಟ್ರು ಸತ್ತರೆ ಶಾಲೆ ಏನಾಗಬೇಕು? ಮುಚ್ಚಬೇಕು, ಇಲ್ಲ ಹೊಸ ಮೇಷ್ಟ್ರು ಬರಬೇಕು. ಎರಡೂ ಆಗಲಿಲ್ಲ. ಎಲಿಜಬೆತ್ ಮುಂದುವರಿಸಿದರು. ಮೆಕ್ವಾರಿ ಬೇರೆ ಯಾರನ್ನೂ ತರಿಸಲಿಲ್ಲ. ಇದನ್ನು ಕೆಲವರು 'ವಿಧವೆಗೆ ಗವರ್ನರ್ ತೋರಿಸಿದ ಕರುಣೆ' ಅನ್ನುವ ಧಾಟಿಯಲ್ಲಿ ಬರೆಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ಬೆಳಿಗ್ಗೆ ಎದ್ದು ಹನ್ನೆರಡು ಹದಿನೈದು ಮಕ್ಕಳ ತಲೆ ಬಾಚಿ, ಗಂಜಿ ಕೊಟ್ಟು, ಅಕ್ಷರ ತಿದ್ದಿಸಿ, ಸೂಜಿ ದಾರ ಹಿಡಿಸಿ, ನೂಲು ತೆಗೆಸಿ, ರಾತ್ರಿ ಅಮ್ಮ ಬೇಕು ಅಂತ ಅಳುವ ಮಗುವನ್ನು ಮಲಗಿಸುವ ಶಾಲೆಯಲ್ಲಿ ಮೇಷ್ಟ್ರು ಹೋದರೆ ಶಾಲೆ ನಿಲ್ಲುವುದಿಲ್ಲ. ಹೆಂಡತಿ ಹೋಗಿದ್ದರೆ ಮಾರನೇ ದಿನವೇ ನಿಲ್ಲುತ್ತಿತ್ತು.

ಹೊಲಿಗೆ ಅಂದೆನಲ್ಲ, ಆ ಬಟ್ಟೆಯ ಬಗ್ಗೆ ಒಂದು ಮಾತು, ನಮಗೆ ಸಂಬಂಧಪಟ್ಟದ್ದು. ಆ ಕಾಲದ ಸಿಡ್ನಿಗೆ ಅಕ್ಕಿ, ಸಕ್ಕರೆ, ರಮ್ಮು, ಹತ್ತಿ ಬಟ್ಟೆ ಎಲ್ಲ ಕಲ್ಕತ್ತೆಯಿಂದ ಹಡಗಿನಲ್ಲಿ ಬರುತ್ತಿತ್ತು. ರಾಬರ್ಟ್ ಕ್ಯಾಂಬೆಲ್ ಅನ್ನುವ ವ್ಯಾಪಾರಿ ಅದರಲ್ಲೇ ದೊಡ್ಡವನಾದ. ಇಲ್ಲಿ ಓಡಿದ ಮೊದಲ ಸ್ವಂತ ನಾಣ್ಯ, ಮಧ್ಯೆ ತೂತು ಕೊರೆದ ಬೆಳ್ಳಿ ಡಾಲರ್, ಅದಕ್ಕೆ ಬಳಸಿದ 40,000 ಸ್ಪ್ಯಾನಿಷ್ ನಾಣ್ಯ ಬಂದದ್ದು ಮದ್ರಾಸಿನಿಂದ. ಹಾಗಾಗಿ ಪ್ಯಾರಮಟ್ಟದ ಆ ಹುಡುಗಿಯರು ಸೂಜಿ ಚುಚ್ಚಿ ಚುಚ್ಚಿ ಕಲಿತ ಬಟ್ಟೆಯಲ್ಲಿ ಬಂಗಾಳದ ಯಾವುದೋ ಮಗ್ಗದ ಬಟ್ಟೆಯೂ ಇದ್ದಿರಬೇಕು ಅಂತ ನಾನು ಊಹಿಸುತ್ತೇನೆ. ಇದು ನನ್ನ ಊಹೆ ಅಷ್ಟೇ, ಎಲ್ಲೂ ಹೋಗಿ ಹೇಳಬೇಡಿ.

ಈಗ ಕಷ್ಟದ ಭಾಗಕ್ಕೆ ಬರುತ್ತೇನೆ. ಮಕ್ಕಳು ಓಡಿಹೋಗುತ್ತಿದ್ದರು. ಹೆತ್ತವರು ಬಂದು ಕರೆದುಕೊಂಡು ಹೋಗುತ್ತಿದ್ದರು. ಇನ್ನೂ ಮಕ್ಕಳು ಬೇಕಲ್ಲ? 1816ರ ಏಪ್ರಿಲ್‌ನಲ್ಲಿ ಮೆಕ್ವಾರಿ ಮೂಲನಿವಾಸಿಗಳ ಮೇಲೆ ಸಿಪಾಯಿಗಳನ್ನು ಕಳಿಸಿದ. ಏಪ್ರಿಲ್ 17ರ ಬೆಳಗಿನ ಜಾವ ಆ್ಯಪಿನ್ ಹತ್ತಿರ ಮಲಗಿದ್ದವರ ಮೇಲೆ ಬಿದ್ದರು. ಗುಂಡೇಟಿಗೆ ಸತ್ತವರು, ಹೆದರಿ ಪ್ರಪಾತಕ್ಕೆ ಹಾರಿ ಸತ್ತವರು ಸೇರಿ ಸರ್ಕಾರದ ಲೆಕ್ಕವೇ 14. ಹೆಂಗಸರು ಮಕ್ಕಳೂ ಅದರಲ್ಲಿದ್ದರು. ಹಿಡಿದ ಮಕ್ಕಳಲ್ಲಿ ಆರೋಗ್ಯವಂತರನ್ನು ನೋಡಿ ಶಾಲೆಗೆ ಆರಿಸಬೇಕು ಅಂತ ಸಿಪಾಯಿಗಳಿಗೆ ಮೊದಲೇ ಹೇಳಿ ಕಳಿಸಲಾಗಿತ್ತು. ಹಾಗೆ ಸೆರೆಸಿಕ್ಕ ಕೆಲವು ಮಕ್ಕಳು ಬಂದದ್ದು ಎಲಿಜಬೆತ್ ಮನೆಗೆ. ಆ ಮಕ್ಕಳಿಗೆ ಸ್ನಾನ ಮಾಡಿಸಿ, ಹೊಸ ಬಟ್ಟೆ ಹಾಕಿ, ಊಟ ಹಾಕಿದ್ದು ಆಕೆಯೇ. ನಾನು ಈ ಚಿತ್ರವನ್ನು ಎಷ್ಟು ಸಲ ನೆನೆದರೂ ನನಗೆ ಒಂದು ಕಡೆ ನಿಲ್ಲಲು ಆಗುವುದಿಲ್ಲ. ಆರೈಕೆಯೂ ನಿಜ, ಸೆರೆಯೂ ನಿಜ. ಒಂದೇ ಕೈ.

ಅದೇ ವರ್ಷದ ಡಿಸೆಂಬರ್ 28. ಮತ್ತೆ ಮಾರುಕಟ್ಟೆ ಬಯಲಿನ ಊಟ. ನೆಲದ ಮೇಲೆ ವೃತ್ತಾಕಾರವಾಗಿ ಬುಡಕಟ್ಟಿನವರು ಕೂತಿದ್ದಾರೆ. ಗವರ್ನರ್ ಇದ್ದಾನೆ. ಆಗ ಶಾಲೆಯ 15 ಮಕ್ಕಳನ್ನು ಆ ವೃತ್ತದೊಳಗೆ ಸುತ್ತು ಹಾಕಿಸಿದರು. ಮುಂದೆ ಟೀಚರ್, ಹಿಂದೆ ಮಕ್ಕಳು. ಒಗೆದ ಬಟ್ಟೆ, ಬಾಚಿದ ತಲೆ. ನೋಡುತ್ತಿದ್ದ ಹೆಂಗಸರು ಅತ್ತರು ಅಂತ ಸಿಡ್ನಿ ಗೆಜೆಟ್ ಪತ್ರಿಕೆ ಬರೆಯುತ್ತದೆ. ಪತ್ರಿಕೆಗೆ ಅದು ಸಂತೋಷದ ಕಣ್ಣೀರು. ವರ್ಷಕ್ಕೊಮ್ಮೆ, ಊಟದ ನೆಪದಲ್ಲಿ, ತನ್ನ ಮಗು ಬೇರೆಯವರ ಹಿಂದೆ ಸಾಲಾಗಿ ನಡೆದು ಹೋಗುವುದನ್ನು ನೋಡಿದ ತಾಯಿಯ ಕಣ್ಣೀರು ಎಂಥದ್ದು ಅಂತ ನಾನು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ.

1820ರ ಕೊನೆಯ ಹೊತ್ತಿಗೆ ಆ ಶಾಲೆಗೆ ಸೇರಿದ್ದ ಮಕ್ಕಳು 37. ಮೊದಲ ದಿನವೇ ಸೇರಿದವರಲ್ಲಿ ಒಬ್ಬಳು ಯಾರಮುಂಡಿ ಅನ್ನುವ ಮುಖಂಡನ ಮಗಳು. ಶಾಲೆಯಲ್ಲಿ ಇಟ್ಟ ಹೆಸರು ಮರಿಯಾ. 1819ರಲ್ಲಿ ಒಂದು ಪರೀಕ್ಷೆ ನಡೆಯಿತು. ನೇಟಿವ್ ಇನ್‌ಸ್ಟಿಟ್ಯೂಷನ್ನಿನ 20 ಮಕ್ಕಳು, ಬಿಳಿಯರ ಮಕ್ಕಳು ಹತ್ತಿರ ಹತ್ತಿರ 100. ಮೊದಲ ಬಹುಮಾನ ಬಂದದ್ದು 14 ವರ್ಷದ ಒಬ್ಬ ಮೂಲನಿವಾಸಿ ಹುಡುಗಿಗೆ. ಅದು ಮರಿಯಾ ಅಂತಲೇ ಇತಿಹಾಸಕಾರರು ಹೇಳುತ್ತಾರೆ. ಇದು ಎಲಿಜಬೆತ್ ಅವರ ಪಾಠ. ಗಂಡ ತೀರಿಕೊಂಡು ನಾಲ್ಕು ವರ್ಷ ಆಗಿತ್ತು.

ಇನ್ನು ಮುಂದೆ ಮರಿಯಾ ಅವರು ಅನ್ನಬೇಕು, ದೊಡ್ಡವರಾದರಲ್ಲ. 1824ರ ಜನವರಿ 26ರಂದು ಪ್ಯಾರಮಟ್ಟದ ಸೇಂಟ್ ಜಾನ್ಸ್ ಚರ್ಚಿನಲ್ಲಿ ರಾಬರ್ಟ್ ಲಾಕ್ ಅನ್ನುವವನನ್ನು ಮದುವೆಯಾದರು. ಅವನು ಕೈದಿ, ಬಡಗಿ, ಓದು ಬರಹ ಬಾರದವನು. ಶೆಲ್ಲಿ ಪತ್ರದಲ್ಲಿ ಹಾಕಿದ ಲೆಕ್ಕ ನೆನಪಿದೆಯಾ? ಓದಿದ ಮೂಲನಿವಾಸಿಯನ್ನು ಬಿಳಿಯರು ಯಾರೂ ಮದುವೆಯಾಗುವುದಿಲ್ಲ ಅಂತ. ಇಲ್ಲಿ ಓದಿದವರು ಮರಿಯಾ, ಹೆಬ್ಬೆಟ್ಟು ಬಿಳಿಯನದು! 1831ರಲ್ಲಿ ಮರಿಯಾ ಗವರ್ನರ್‌ಗೆ ಅರ್ಜಿ ಹಾಕಿದರು. ತೀರಿಕೊಂಡ ಅಣ್ಣ ಕೋಲ್‌ಬಿಗೆ ಬ್ಲ್ಯಾಕ್‌ಟೌನಿನಲ್ಲಿ ಕೊಟ್ಟಿದ್ದ 30 ಎಕರೆ ತನಗೆ ಬರಬೇಕು ಅಂತ. ಸತಾಯಿಸಿದರು, ಬೇರೆ ಕಡೆ ಜಮೀನು ಕೊಟ್ಟರು. ಬಿಡಲಿಲ್ಲ. 1843ರಲ್ಲಿ ಅಣ್ಣನ ಜಮೀನು ಕೈಗೆ ಬಂತು. ಅವರು ಕಲಿತ ಪಾಠದಲ್ಲಿ ಹೊಲಿಗೆ ಎಷ್ಟು ಉಪಯೋಗಕ್ಕೆ ಬಂತೋ ನಾ ಕಾಣೆ, ಅರ್ಜಿ ಮಾತ್ರ ಉಪಯೋಗಕ್ಕೆ ಬಂತು.

ಶಾಲೆ 1823ರಲ್ಲಿ ಬ್ಲ್ಯಾಕ್‌ಟೌನಿಗೆ ಹೋಯಿತು, ಅಲ್ಲಿಗೆ ಎಲಿಜಬೆತ್ ಅವರ ಕಾಲ ಮುಗಿಯಿತು. ಅಲ್ಲಿ ಬೇರೆ ಮಿಷನರಿಗಳು ಬಂದರು ಹೋದರು, 1829ರಲ್ಲಿ ಮುಚ್ಚಿತು.

(ಇಲ್ಲಿ ಕಾಫಿ ಬಂತು. ಹತ್ತು ನಿಮಿಷ ಅಂತ ಹೇಳಿ ಅರ್ಧ ಗಂಟೆ ಆಯಿತು.)

ಸರಿ. ಈಗ ನಲವತ್ತು ಐವತ್ತು ವರ್ಷ ದಾಟೋಣ. ಊರು ಬಿಟ್ಟು ಕಾಡಿಗೆ ಹೋಗೋಣ, ಇಲ್ಲಿಯವರು 'ಬುಷ್' ಅಂತಾರಲ್ಲ, ಅಲ್ಲಿಗೆ. ನ್ಯೂ ಸೌತ್ ವೇಲ್ಸ್‌ನಲ್ಲಿ 1848ರಿಂದ ಸರ್ಕಾರಿ ಶಾಲೆಗಳಿಗೆ ಒಂದು ಮಂಡಳಿ ಬಂತು. ವಿಕ್ಟೋರಿಯಾದಲ್ಲಿ 1872ರ ಕಾಯಿದೆ ಶಾಲೆಯನ್ನು ಉಚಿತ ಮತ್ತು ಕಡ್ಡಾಯ ಮಾಡಿತು. ನ್ಯೂ ಸೌತ್ ವೇಲ್ಸ್‌ನಲ್ಲಿ 1880ರ ಕಾಯಿದೆ, ಆರರಿಂದ ಹದಿನಾಲ್ಕು ವರ್ಷದ ಮಕ್ಕಳು ಅರ್ಧ ವರ್ಷಕ್ಕೆ 70 ದಿನ ಬರಲೇಬೇಕು ಅಂದಿತು. ಇಲ್ಲಿ ಉಚಿತ ಅಲ್ಲ, ವಾರಕ್ಕೆ ಮಗುವಿಗೆ 3 ಪೆನ್ಸ್. ಹೀಗೆ ಕಾಯಿದೆ ಬಂದಾಗಲೆಲ್ಲ ಕುರಿ ಕಾಯುವ ಜಾಗ, ಚಿನ್ನ ಅಗೆಯುವ ಜಾಗ, ರೈಲು ಹಾಕುವ ಜಾಗ ಎಲ್ಲ ಕಡೆಗೂ ಒಬ್ಬ ಮೇಷ್ಟ್ರು ಬೇಕಾಯಿತು. ಮೇಷ್ಟ್ರ ಹಿಂದೆ ಪೆಟ್ಟಿಗೆ, ಹಂಡೆ, ಮಗು ಎತ್ತಿಕೊಂಡು ಹೆಂಡತಿ.

ಮನೆ ಹೇಗಿತ್ತು? ಮರವನ್ನು ಸೀಳಿ ಮಾಡಿದ ಹಲಗೆ ಗೋಡೆ, ಮರದ ತೊಗಟೆಯ ಸೂರು, ಮಣ್ಣು ನೆಲ. ಹಲಗೆ ಒಣಗಿದ ಹಾಗೆ ಸಂದು ಬಿಡುತ್ತದೆ, ಗಾಳಿ, ಧೂಳು, ಕೆಲವೊಮ್ಮೆ ಹಾವು. ಅದಕ್ಕೆ ಹಳೇ ಪೇಪರನ್ನು ಹಿಟ್ಟಿನ ಅಂಟು ಹಾಕಿ ಗೋಡೆಗೆ ಅಂಟಿಸುತ್ತಿದ್ದರು. ಮಕ್ಕಳು ಗೋಡೆ ನೋಡಿಯೇ ಓದು ಕಲಿತದ್ದುಂಟು. ಊಟ ಅಂದರೆ ಕುರಿ ಮಾಂಸ, ಟೀ, ಡ್ಯಾಂಪರ್. ಡ್ಯಾಂಪರ್ ಅಂದರೆ ಗೋಧಿ ಹಿಟ್ಟಿಗೆ ನೀರು ಉಪ್ಪು ಹಾಕಿ ಕಲಸಿ, ಬೂದಿಯೊಳಗೆ ಹೂತು ಬೇಯಿಸಿದ ದಪ್ಪ ರೊಟ್ಟಿ. ರಾತ್ರಿ ಬೆಳಕಿಗೆ ಕುರಿ ಕೊಬ್ಬಿನಲ್ಲಿ ಬಟ್ಟೆಯ ಬತ್ತಿ. ಸೋಪೂ ಅದೇ ಕೊಬ್ಬಿನಿಂದ. ಹಿಟ್ಟಿನ ಚೀಲ ಬಿಚ್ಚಿ ಒಗೆದರೆ ಮಗುವಿಗೆ ಒಳಅಂಗಿ. ನೀರು ತೊರೆಯಿಂದ ಹೊರಬೇಕು, ತೊರೆ ಬತ್ತಿದರೆ ದೇವರೇ ಗತಿ. ಹೆರಿಗೆಗೆ ಡಾಕ್ಟರ್ ಇಲ್ಲ. ಮೈಲಿಗಟ್ಟಲೆ ದೂರದ ಪಕ್ಕದ ಮನೆಯಾಕೆ ಸಮಯಕ್ಕೆ ಬಂದರೆ ಪುಣ್ಯ.

ಎರಡು ಶಾಲೆಗೆ ಒಬ್ಬನೇ ಮೇಷ್ಟ್ರು ಇರುವ ಪದ್ಧತಿಯೂ ಇತ್ತು, 'ಹಾಫ್ ಟೈಮ್ ಸ್ಕೂಲ್' ಅಂತ. ಮಕ್ಕಳು ಕಡಿಮೆ ಇದ್ದರೆ ಎರಡು ಊರಿನ ಮಧ್ಯೆ ಒಬ್ಬ ಮೇಷ್ಟ್ರು ಕುದುರೆ ಮೇಲೆ ಓಡಾಡುವುದು. ಅವನು ಆ ಊರಿನಲ್ಲಿದ್ದ ದಿನಗಳು ಹೆಂಡತಿ ಈ ಮನೆಯಲ್ಲಿ ಒಂಟಿ.

ಇದರ ಜೊತೆಗೆ ಶಾಲೆ ಕೆಲಸ. ಹೆಣ್ಣುಮಕ್ಕಳಿಗೆ ಹೊಲಿಗೆ ಪಾಠ ಇರಲೇಬೇಕು ಅನ್ನುವುದು ನಿಯಮ. ಮೇಷ್ಟ್ರಿಗೆ ಸೂಜಿ ಹಿಡಿಯಲು ಬರುವುದಿಲ್ಲವಲ್ಲ, ಸಣ್ಣ ಶಾಲೆಗಳಲ್ಲಿ ಹೆಂಡತಿ ಬಂದು ಕಲಿಸಬೇಕು. ಎಷ್ಟೋ ಕಡೆ ಒಂದು ಕಾಸೂ ಸಂಬಳ ಇಲ್ಲದೆ. ಇನ್‌ಸ್ಪೆಕ್ಟರ್ ಬಂದಾಗ ಹೊಲಿಗೆಯನ್ನೂ ನೋಡುತ್ತಿದ್ದ. ಹೆಂಡತಿಯ ಹೊಲಿಗೆ ಕೆಟ್ಟರೆ ಗಂಡನ ಶಾಲೆಗೆ ಕೆಟ್ಟ ಹೆಸರು! ನಮ್ಮ ಅಜ್ಜಿ ಕೂಡ ಮೇಷ್ಟ್ರ ಹೆಂಡತಿ. ಸ್ಕೂಲಿನ ಬೀಗದ ಕೈ ಅವರ ಸೆರಗಿನ ಗಂಟಿನಲ್ಲಿ ಇರುತ್ತಿತ್ತು, ಸಾಹೇಬರು ಇನ್‌ಸ್ಪೆಕ್ಷನ್ನಿಗೆ ಬಂದ ದಿನ ಅಡುಗೆ ಅವರದು, ಹಾಜರಿ ಪುಸ್ತಕದಲ್ಲಿ ಅವರ ಹೆಸರು ಇಲ್ಲ. ಈ ಊರಿನ ಕಥೆ ಓದುವಾಗ ನನಗೆ ಹೊಸದು ಅನ್ನಿಸಿದ್ದು ಡ್ಯಾಂಪರ್ ಒಂದೇ.

ಒಂದು ತಮಾಷೆ ಕೇಳಿ. 1889ರಲ್ಲಿ ವಿಕ್ಟೋರಿಯಾ ಸರ್ಕಾರ, ಮದುವೆಯಾದ ಹೆಂಗಸರು ಸರ್ಕಾರಿ ಕೆಲಸದಲ್ಲಿ ಇರಬಾರದು ಅಂತ ಕಾನೂನು ಮಾಡಿತು, ಟೀಚರುಗಳೂ ಸೇರಿ. ನ್ಯೂ ಸೌತ್ ವೇಲ್ಸ್ 1932ರಲ್ಲಿ ಮದುವೆಯಾದ ಟೀಚರುಗಳನ್ನು ತೆಗೆಯಲು ಕಾನೂನು ತಂದು 1947ರವರೆಗೆ ಇಟ್ಟುಕೊಂಡಿತ್ತು. ಮದುವೆಯಾದ ಹೆಂಗಸು ಮನೆ ನೋಡಿಕೊಳ್ಳಬೇಕು, ಶಾಲೆಗೆ ಬರಬಾರದು. ಸಂಬಳ ಇಲ್ಲದೆ ಬರುವುದಾದರೆ ಇಷ್ಟು ವರ್ಷ ಯಾರೂ ಬೇಡ ಅಂದಿರಲಿಲ್ಲ.

ಇಷ್ಟು ಹೊತ್ತು ಬಿಳಿ ಹೆಂಗಸರ ಕಥೆ ಹೇಳಿದೆ. ಕೊನೆಗೆ ಒಬ್ಬರಿದ್ದಾರೆ, ಮೇಷ್ಟ್ರ ಹೆಂಡತಿಯೇ, ಆದರೆ ವಲಸೆ ಬಂದವರಲ್ಲ. ಗಂಡ ಬಿಳಿಯನೂ ಅಲ್ಲ, ನಮ್ಮ ಕಡೆಯವರು.

ನ್ಯೂ ಸೌತ್ ವೇಲ್ಸ್ ಮತ್ತು ವಿಕ್ಟೋರಿಯಾದ ಮಧ್ಯೆ ಮರ್ರೆ ನದಿ ಹರಿಯುತ್ತದಲ್ಲ, ಅದರ ದಂಡೆಯಲ್ಲಿ 1874ರಲ್ಲಿ ಡೇನಿಯಲ್ ಮ್ಯಾಥ್ಯೂಸ್, ಜಾನೆಟ್ ಮ್ಯಾಥ್ಯೂಸ್ ದಂಪತಿ ಮಲೋಗಾ ಅನ್ನುವ ಮಿಷನ್ ಶುರು ಮಾಡಿದರು. ಹೆಸರು ಡೇನಿಯಲ್‌ದು, ಹೆಣ್ಣುಮಕ್ಕಳನ್ನು ನೋಡಿಕೊಳ್ಳುವುದು, ಪಾಠ, ಅಡುಗೆ ಜಾನೆಟ್‌ದು. ನಿಮಗೆ ಈಗ ಈ ಕಥೆ ಬಾಯಿಪಾಠ ಆಗಿರಬೇಕು. ಅಲ್ಲಿಗೆ ಬಂದವರು ಯೋರ್ಟಾ ಯೋರ್ಟಾ ಜನ. ಕಿಟ್ಟಿ ಅನ್ನುವ ತಾಯಿ ತನ್ನ ಮಕ್ಕಳನ್ನು ಕರೆದುಕೊಂಡು ಬಂದಿದ್ದರು. ಅವರ ಮಕ್ಕಳಲ್ಲಿ ವಿಲಿಯಂ ಕೂಪರ್ ಒಬ್ಬರು, ಏಡಾ ಕೂಪರ್ ಇನ್ನೊಬ್ಬರು.

1881ರಲ್ಲಿ ಮಲೋಗಾದ ಜನ ಮೆಲ್ಬರ್ನ್‌ನ ಬ್ರೈಟನ್ ಕಡಲ ತೀರದಲ್ಲಿ ಬಿಡಾರ ಹಾಕಿದ್ದಾಗ ಒಬ್ಬ ಯುವಕ ಬಂದು ಮಾತಾಡಿಸಿದರು. ಥಾಮಸ್ ಶಾಡ್ರಾಕ್ ಜೇಮ್ಸ್. ಹುಟ್ಟಿದ್ದು ಮಾರಿಷಸ್‌ನಲ್ಲಿ, 1859ರಲ್ಲಿ. ತಂದೆಯ ಮನೆತನ ಮದ್ರಾಸ್ ಕಡೆಯದು, ಹೆಸರು ಪೀರ್ ಸಾಹೇಬ್, ದುಭಾಷಿ, ಕ್ರೈಸ್ತರಾಗಿದ್ದವರು. ಮಗನಿಗೆ ಡಾಕ್ಟರ್ ಆಗುವ ಆಸೆ ಇತ್ತು. ಟೈಫಾಯಿಡ್ ಬಂದು ಕೈ ನಡುಗುವ ಹಾಗಾಯಿತು. ಆ ಜನರ ಜೊತೆ ಮಲೋಗಾಕ್ಕೆ ಹೋಗಿ ಮೇಷ್ಟ್ರಾದರು. 1885ರಲ್ಲಿ ಏಡಾ ಅವರನ್ನು ಮದುವೆಯಾದರು.

ಇಲ್ಲಿ ಎಲ್ಲ ತಿರುಗಿ ನಿಲ್ಲುತ್ತದೆ ನೋಡಿ. ಎಲಿಜಬೆತ್ ಶಾಲೆಯಲ್ಲಿ ಮೇಷ್ಟ್ರ ಮನೆ ಹೊರಗಿನದು, ಮಕ್ಕಳನ್ನು ಅವರ ಜನರಿಂದ ಬಿಡಿಸಿ ಆ ಮನೆಗೆ ತರಬೇಕು. ಏಡಾ ಇದ್ದ ಕಡೆ ಮೇಷ್ಟ್ರೇ ಹೊರಗಿನವರು, ಅವರೇ ಬಂದು ಹೆಂಡತಿಯ ಜನರೊಳಗೆ ಸೇರಬೇಕು. ಕ್ಲಾಸಿನಲ್ಲಿ ಕೂತ ಮಕ್ಕಳು ಏಡಾ ಅವರಿಗೆ ಅಣ್ಣನ ಮಕ್ಕಳು, ಅಕ್ಕನ ಮಕ್ಕಳು, ಒಟ್ಟಿನಲ್ಲಿ ಬಳಗ. ಜೇಮ್ಸ್ ಮೇಷ್ಟ್ರು ಹೆಂಡತಿಯ ಭಾಷೆ ಕಲಿತರು. 1888ರಲ್ಲಿ ಜನ ಹತ್ತಿರದ ಕಮರಗುಂಜಾಕ್ಕೆ ಹೋದಾಗ ಶಾಲೆಯೂ ಹೋಯಿತು, ಮೇಷ್ಟ್ರೂ ಹೋದರು. ಹಗಲು ಮಕ್ಕಳಿಗೆ, ಸಂಜೆ ದೊಡ್ಡವರಿಗೆ ಪಾಠ. 1922ರವರೆಗೆ ಅದೇ ಕೆಲಸ. ಅಷ್ಟು ದೀರ್ಘ ಕಾಲ ಒಬ್ಬ ಮೇಷ್ಟ್ರು ಅಂಥ ಜಾಗದಲ್ಲಿ ನಿಲ್ಲುವುದು ಅಪರೂಪ. ಬೇರೆ ಕಡೆ ಮೇಷ್ಟ್ರುಗಳು ವರ್ಗ ಕೇಳಿ ಓಡುತ್ತಿದ್ದರು, ಇವರು ಯಾಕೆ ನಿಂತರು? ನನ್ನ ಉತ್ತರ ಒಂದೇ, ಅದು ಅವರ ಅತ್ತೆ ಮನೆ.

ಆ ಶಾಲೆಯಲ್ಲಿ ಓದಿದವರು ಯಾರು ಕೇಳಿ. ಡಗ್ ನಿಕಲ್ಸ್, ಫುಟ್‌ಬಾಲ್ ಆಟಗಾರ, ಪಾದ್ರಿ, 1976ರಲ್ಲಿ ಸೌತ್ ಆಸ್ಟ್ರೇಲಿಯಾದ ಗವರ್ನರ್. ಹೋರಾಟಗಾರ್ತಿ ಮಾರ್ಗರೇಟ್ ಟಕ್ಕರ್. ಏಡಾ ಅವರ ಸ್ವಂತ ಅಣ್ಣ ವಿಲಿಯಂ ಕೂಪರ್, ದೊಡ್ಡವರಾದ ಮೇಲೆ ಭಾವನ ಹತ್ತಿರ ಸಂಜೆ ಪಾಠಕ್ಕೆ ಕೂತವರು. ಅದೇ ಕೂಪರ್ 1930ರ ದಶಕದಲ್ಲಿ, ಪಾರ್ಲಿಮೆಂಟಿನಲ್ಲಿ ತಮ್ಮ ಜನರಿಗೆ ಒಂದು ಸ್ಥಾನ ಬೇಕು ಅಂತ ಬ್ರಿಟನ್ನಿನ ರಾಜನಿಗೆ 1,814 ಸಹಿಯ ಮನವಿ ಸಿದ್ಧ ಮಾಡಿದರು. ಸರ್ಕಾರ ಅದನ್ನು ರಾಜನಿಗೆ ಕಳಿಸಲೇ ಇಲ್ಲ.

ಮಾರ್ಗರೇಟ್ ಟಕ್ಕರ್ ಹೆಸರು ಹೇಳಿದೆನಲ್ಲ. 1917ರಲ್ಲಿ, ಹದಿಮೂರರ ಆಸುಪಾಸಿನಲ್ಲಿ, ಅವರನ್ನೂ ತಂಗಿಯನ್ನೂ ಅಮ್ಮನಿಂದ ಕಿತ್ತುಕೊಂಡು ಕೂಟಮಂಡ್ರಾ ಅನ್ನುವ ಊರಿನ ಸರ್ಕಾರಿ ಹೋಮ್‌ಗೆ ಹಾಕಿದರು. ಅಲ್ಲಿ ಏನು ಕಲಿಸಿದರು? ಗುಡಿಸುವುದು, ಒಗೆಯುವುದು, ಹೊಲಿಯುವುದು. ಆಮೇಲೆ ಬಿಳಿಯರ ಮನೆಗೆಲಸಕ್ಕೆ. ವಿಲಿಯಂ ಶೆಲ್ಲಿ ಪತ್ರ ಬರೆದು 103 ವರ್ಷ ಆಗಿತ್ತು. ಪಠ್ಯ ಬದಲಾಗಿರಲಿಲ್ಲ. ಬದಲಾದದ್ದು ಒಂದೇ, ಈಗ ಆ ಹುಡುಗಿಯರು ತಮ್ಮ ಮನೆ ನಡೆಸಲಿ ಅನ್ನುವ ಮಾತೂ ಇಲ್ಲ, ಬೇರೆಯವರ ಮನೆ.

ಇಷ್ಟೇ ನಾನು ತಯಾರಿ ಮಾಡಿಕೊಂಡು ಬಂದದ್ದು.

(ಮಾತು ಮುಗಿದ ಮೇಲೆ ಹಿಂದಿನ ಸಾಲಿನಿಂದ ಒಬ್ಬ ಅಕ್ಕ ಎದ್ದು ಕೇಳಿದರು: "ಅದೆಲ್ಲ ಸರಿ, ಆ ಎಲಿಜಬೆತ್ ಒಳ್ಳೆಯವರಾ ಕೆಟ್ಟವರಾ? ಒಂದು ಹೇಳಿಬಿಡಿ." ನಾನು ಹೇಳಿದ್ದು ಇದು.)

ಅಕ್ಕಾ, ಮಾರುಕಟ್ಟೆ ಬಯಲಿನಲ್ಲಿ ಮಕ್ಕಳ ಮುಂದೆ ನಡೆದು ಹೋದವರು ಆಕೆ. ನಡೆಯುವಾಗ ಎಡಕ್ಕೆ ಗವರ್ನರ್ ಕಡೆ ನೋಡಿದರಾ, ಬಲಕ್ಕೆ ಅಳುತ್ತಿದ್ದ ತಾಯಂದಿರ ಕಡೆ ನೋಡಿದರಾ, ನೆಲ ನೋಡಿಕೊಂಡು ಹೋದರಾ? ಅದು ನನಗೆ ತಿಳಿದಿದ್ದರೆ ನಿಮ್ಮ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೆ. ಆಕೆ ಇಲ್ಲದಿದ್ದರೆ ಮರಿಯಾ ಅರ್ಜಿ ಬರೆಯುತ್ತಿರಲಿಲ್ಲ. ಆಕೆಯಂಥವರು ಬಾರದೇ ಇದ್ದಿದ್ದರೆ ಮರಿಯಾ ತಮ್ಮದೇ ನೆಲಕ್ಕೆ ಅರ್ಜಿ ಬರೆಯಬೇಕಾಗಿಯೂ ಇರಲಿಲ್ಲ.

ಇನ್ನೊಂದು ವಿಷಯ ಹೇಳಿ ಬಿಡುತ್ತೇನೆ. ಬ್ಲ್ಯಾಕ್‌ಟೌನಿನಲ್ಲಿ ಆ ಶಾಲೆ ಇದ್ದ ಜಾಗ ಈಗಿನ ಓಕ್‌ಹರ್ಸ್ಟ್ ಹತ್ತಿರ, ರಿಚ್ಮಂಡ್ ರಸ್ತೆಯ ಪಕ್ಕ. 2018ರ ಅಕ್ಟೋಬರಿನಲ್ಲಿ ಅದನ್ನು ಡಾರುಗ್ ಜನರಿಗೆ, ಅಂದರೆ ಮರಿಯಾ ಅವರ ಜನರಿಗೆ, ವಾಪಸ್ ಕೊಟ್ಟರು. ನಾನು ಮುಂದಿನ ತಿಂಗಳು ಮೊದಲ ಶನಿವಾರ ಆ ಕಡೆ ಹೋಗುತ್ತಿದ್ದೇನೆ. ರಸ್ತೆಯಿಂದಲೇ ನೋಡೋಣ, ಅದು ಅವರ ಜಾಗ. ಬರುವವರು ಹೆಸರು ಕೊಡಿ, ಕಾರಿನಲ್ಲಿ ಮೂರು ಸೀಟು ಖಾಲಿ ಇದೆ. ಟೋಪಿ ಮರೆಯಬೇಡಿ.